ಸುಮನಹಳ್ಳಿಯ ಇನ್ನೊಂದು ಚಿತ್ರ

2019ರ ನವೆಂಬರ್ ಆರಂಭದಲ್ಲಿ ಬೆಂಗಳೂರಿನ ಸುಮನಹಳ್ಳಿ ಮೇಲ್ಸೇತುವೆಯ ಕಾಂಕ್ರೀಟ್ ಕಿತ್ತುಬಂದು ಒಳಗಿನ ಸರಳುಗಳು ಕಾಣಿಸಿದವು. ಆ ಫೋಟೊ ಊರೆಲ್ಲ ಹರಿದಾಡಿತು. 2022ರಲ್ಲಿ ಮತ್ತೊಂದು ಗುಂಡಿ, ಮತ್ತೊಂದಿಷ್ಟು ಫೋಟೊಗಳು. ಬಸವೇಶ್ವರನಗರದಿಂದ ನಾಗರಬಾವಿ ಕಡೆಗೆ ದಿನಾ ಓಡಾಡುವ ಬಹಳ ಜನರಿಗೆ ಸುಮನಹಳ್ಳಿ ಎಂದರೆ ಈ ಸೇತುವೆ, ಅದರ ಟ್ರಾಫಿಕ್ಕು, ಅಷ್ಟೇ.

ಅದೇ ಹೆಸರಿನ ಕುಷ್ಠರೋಗ ಪುನರ್ವಸತಿ ಕೇಂದ್ರವೊಂದು ಅಲ್ಲೇ ಮಾಗಡಿ ರಸ್ತೆಯಲ್ಲಿದೆ. ಬೆಂಗಳೂರು ಕಥೋಲಿಕ ಮಹಾಧರ್ಮಕ್ಷೇತ್ರ 1970ರ ದಶಕದ ಕೊನೆಯಲ್ಲಿ ಸರ್ಕಾರದ ಜಾಗದಲ್ಲಿ ಇದನ್ನು ಆರಂಭಿಸಿತು. ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ರೋಗಿಗಳಿಗೆ ಇಲ್ಲಿ ಚಿಕಿತ್ಸೆಯ ಜೊತೆಗೆ ಕಸುಬೂ ಸಿಕ್ಕಿತು. ಚರ್ಮದ ವಸ್ತುಗಳ ತಯಾರಿಕೆ ಅದರಲ್ಲೊಂದು. ಕುಷ್ಠ ನರಗಳನ್ನು ಹಾಳುಮಾಡುತ್ತದೆ. ಅಂಗಾಲಿಗೆ ಮುಳ್ಳು ಚುಚ್ಚಿದರೂ ರೋಗಿಗೆ ತಿಳಿಯುವುದಿಲ್ಲ, ಗಾಯ ಕೊಳೆಯುತ್ತದೆ. ಹಾಗಾಗಿ ಇಂಥ ರೋಗಿಗಳ ಸೇವೆಯೆಂದರೆ ದಿನವೂ ಕಾಲು ತೊಳೆದು ಪಟ್ಟಿ ಕಟ್ಟುವ ಕೆಲಸ, ವರ್ಷಗಟ್ಟಲೆ. ರೀಲ್ಸ್‌ಗೆ ಒದಗುವ ದೃಶ್ಯವಂತೂ ಅಲ್ಲ.

ಕ್ರೈಸ್ತರಿಗೆ ಈ ಸೇವೆಯ ಮಾದರಿ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲೇ ಇದೆ. ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟುತ್ತಾರೆ. ಗುಣವಾದ ಮೇಲೆ, ಇದನ್ನು ಯಾರಿಗೂ ಹೇಳಬೇಡ ಎಂದು ಕಟ್ಟುನಿಟ್ಟಾಗಿ ಎಚ್ಚರಿಸುತ್ತಾರೆ. ಆತ ಕೇಳದೆ ಊರೆಲ್ಲ ಸಾರುತ್ತಾನೆ. ಕೊನೆಗೆ ಯೇಸುವೇ ಊರೊಳಗೆ ಬಹಿರಂಗವಾಗಿ ಕಾಲಿಡಲಾಗದೆ ನಿರ್ಜನ ಪ್ರದೇಶದಲ್ಲಿ ಉಳಿಯಬೇಕಾಗುತ್ತದೆ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮತ್ತಾಯನ ಶುಭಸಂದೇಶದ ಬೋಧನೆಯೂ ಇದೇ ದಾರಿಯದು.

ನಮ್ಮ ಕಾಲದ ದಾರಿ ಬೇರೆ. ಫೇಸ್‌ಬುಕ್‌ನಲ್ಲಿ ಲೈಕ್ ಗುಂಡಿ ಬಂದದ್ದು 2009ರಲ್ಲಿ, ಮರುವರ್ಷ ಇನ್‌ಸ್ಟಾಗ್ರಾಂ. ಅಲ್ಲಿಂದ ಊಟ, ಪ್ರವಾಸ, ಹುಟ್ಟುಹಬ್ಬ, ದಾನ ಎಲ್ಲಕ್ಕೂ ಅಂಕ ಬೀಳತೊಡಗಿತು. ಈ ಲೆಕ್ಕ ಮನಸ್ಸಿಗೆ ಹೊರೆಯಾಗುತ್ತಿದೆ ಎಂಬ ಚರ್ಚೆ ಬೆಳೆದಾಗ, 2021ರಲ್ಲಿ ಫೇಸ್‌ಬುಕ್ ಕಂಪನಿಯೇ ಲೈಕ್ ಸಂಖ್ಯೆ ಮರೆಮಾಡುವ ಅವಕಾಶ ಕೊಟ್ಟಿತು. ಅಂಕದ ಆಸೆ ಹೆಚ್ಚು ನೋಯಿಸುವುದು ಕೈಚಾಚಿದವರನ್ನು. ಕೋವಿಡ್ ಲಾಕ್‌ಡೌನ್ ದಿನಗಳಲ್ಲಿ ದಿನಸಿ ಕಿಟ್ ಹಿಡಿದು, ತಲೆತಗ್ಗಿಸಿ ಕ್ಯಾಮೆರಾ ಮುಂದೆ ನಿಂತ ಮುಖಗಳನ್ನು ಯಾರೂ ಮರೆತಿಲ್ಲ. ಆ ಫೋಟೊದಲ್ಲಿ ಕೊಟ್ಟವರ ಹೆಸರಿರುತ್ತಿತ್ತು. ಪಡೆದವರಿಗೆ ಹೆಸರೇ ಇರುತ್ತಿರಲಿಲ್ಲ.

ಮೊಬೈಲೇ ಪಾಪವೆನ್ನುವುದು ತಪ್ಪು. ಕೋವಿಡ್ ಉಲ್ಬಣಿಸಿದ್ದ 2021ರ ಏಪ್ರಿಲ್, ಮೇ ತಿಂಗಳಲ್ಲಿ ಆಮ್ಲಜನಕ, ಹಾಸಿಗೆ ಹುಡುಕಲು ಬೆಂಗಳೂರಿಗರು ನೆಚ್ಚಿಕೊಂಡದ್ದು ಟ್ವಿಟರ್, ವಾಟ್ಸಾಪ್‌ಗಳನ್ನೇ. ಅಂದಿನ ಸಂದೇಶಗಳಲ್ಲಿ ರೋಗಿಯ ಅಗತ್ಯವೇ ಮೊದಲ ಸಾಲಾಗಿತ್ತು. ವ್ಯಾಟಿಕನ್ 2023ರ ಮೇನಲ್ಲಿ ಹೊರತಂದ ಸಾಮಾಜಿಕ ಜಾಲತಾಣ ಕುರಿತ ಚಿಂತನಾಪತ್ರವೂ ಯೇಸು ಹೇಳಿದ ದಯಾಳು ಸಮಾರ್ಯದವನ ಸಾಮತಿಯನ್ನೇ (ದೃಷ್ಟಾಂತ ಕಥೆಯನ್ನೇ) ಆಧಾರವಾಗಿಟ್ಟುಕೊಂಡಿದೆ. ಆ ಕಥೆಯಲ್ಲಿ, ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಪುರೋಹಿತ ನೋಡಿದ, ಲೇವಿಯ ನೋಡಿದ, ಇಬ್ಬರೂ ಪಕ್ಕಕ್ಕೆ ಸರಿದು ಹೋದರು. ಬೆರಳಲ್ಲಿ ಪರದೆ ಸರಿಸುವಾಗ ಆಗುವುದೂ ಹೆಚ್ಚುಕಡಿಮೆ ಅದೇ.

ಹಂಚಿಕೊಳ್ಳಲೇಬೇಕೆನಿಸಿದರೆ ಈ ಮಾಹಿತಿ ಹಂಚಿಕೊಳ್ಳಿ: ಮೈಮೇಲೆ ಸ್ಪರ್ಶಜ್ಞಾನವಿಲ್ಲದ, ಬಣ್ಣಗೆಟ್ಟ ಮಚ್ಚೆ ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಕುಷ್ಠಕ್ಕೆ ಔಷಧ ಉಚಿತ; ರೋಗದ ಬಗೆ ನೋಡಿಕೊಂಡು ಆರು ಅಥವಾ ಹನ್ನೆರಡು ತಿಂಗಳ ಚಿಕಿತ್ಸೆಯಲ್ಲಿ ಗುಣವಾಗುತ್ತದೆ.