ವಿದ್ಯಾರ್ಥಿನಿಲಯದ ಪೂರ್ವೋತ್ತರ

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿಗೆ 1908ರಲ್ಲಿ ಸೇರಿದ ಭೀಮರಾವ್ ಅಂಬೇಡ್ಕರರಿಗೆ ಆ ಕಾಲೇಜಿನ ಹೋಟೆಲಿನವನು ಚಹಾವನ್ನಾಗಲಿ ನೀರನ್ನಾಗಲಿ ಕೊಡುತ್ತಿರಲಿಲ್ಲ. ಹತ್ತು ವರ್ಷಗಳ ತರುವಾಯ, ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ ಬಂದು ಅದೇ ನಗರದ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ನಿಂತಾಗ, ಅಧ್ಯಾಪಕರಿಗೆಂದು ಇರಿಸಿದ ಪಾತ್ರೆಯ ನೀರನ್ನು ಅವರು ಕುಡಿಯಕೂಡದೆಂದು ಸಹೋದ್ಯೋಗಿಗಳಲ್ಲಿಯೇ ಕೆಲವರು ಆಕ್ಷೇಪವೆತ್ತಿದರು. ವಿದ್ಯೆಯೊಂದು ದೊರೆತರೆ ಜಾತಿಯ ಕಲಂಕವು ತಾನಾಗಿಯೇ ತೊಳೆದುಹೋಗುವುದೆಂದು ನೆಚ್ಚಿದವರು ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡತಕ್ಕದ್ದು. ಅಂಬೇಡ್ಕರರಿಗೆ ಆಸರೆಯೇ ದೊರೆಯಲಿಲ್ಲವೆಂದಲ್ಲ. ಮುಲ್ಲರ್ ಎಂಬ ಪ್ರಾಧ್ಯಾಪಕರು ಪುಸ್ತಕಗಳನ್ನೂ ಬಟ್ಟೆಯನ್ನೂ ಕೊಟ್ಟರು. ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿಯ ವೇತನವನ್ನು ದಯಪಾಲಿಸಿದರು. ಆದರೆ ಒಬ್ಬ ಗುರುವಿನ ಕರುಣೆ, ಒಬ್ಬ ಅರಸನ ಔದಾರ್ಯ, ಇವೆರಡೂ ಕೂಡಿಬಂದಲ್ಲಿ ಮಾತ್ರ ಓದು ಸಾಗುವುದಾದರೆ, ಕೂಡಿಬಾರದ ಸಾವಿರಾರು ಮಂದಿಯ ಪಾಡೇನು?

ಈ ಪ್ರಶ್ನೆಗೆ ನಮ್ಮ ದೇಶವು ಕಂಡುಕೊಂಡ ಮೊದಲ ಉತ್ತರವೇ ವಿದ್ಯಾರ್ಥಿನಿಲಯ. ಹಳ್ಳಿಯಿಂದ ಪಟ್ಟಣಕ್ಕೆ ಓದಲೆಂದು ಬಂದ ಬ್ರಾಹ್ಮಣರ ಹುಡುಗನಿಗೆ ವಾರಾನ್ನದ ಮನೆಗಳಿದ್ದವು, ಮಠಗಳ ದಾಸೋಹವಿತ್ತು, ಕಾಲಕ್ರಮದಲ್ಲಿ ಒಂದೊಂದು ಜಾತಿಯ ಶ್ರೀಮಂತರೂ ತಮ್ಮವರ ಮಕ್ಕಳಿಗೆಂದು ಉಚಿತ ಪ್ರಸಾದನಿಲಯಗಳನ್ನು ಕಟ್ಟಿಸಿದರು. ಹೊಲಗೇರಿಯಿಂದ ಬಂದವನಿಗೋ, ಬಾಡಿಗೆಯ ಕೋಣೆಯೂ ಇಲ್ಲ, ಉಣಬಡಿಸುವ ಮನೆಯೂ ಇಲ್ಲ. ತರಗತಿಯ ಬಾಗಿಲನ್ನು ಸರಕಾರವು ಆಜ್ಞೆಯಿಂದ ತೆರೆಸಬಲ್ಲದು, ಆದರೆ ರಾತ್ರಿಯ ಊಟಕ್ಕೆ ಆಜ್ಞೆ ಸಾಲದು. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿದ ಕುದ್ಮಲ್ ರಂಗರಾಯರು ಶಾಲೆಯ ಜೊತೆಗೆ ವಸತಿಯನ್ನೂ ಕೈಕಸುಬನ್ನೂ ಸೇರಿಸಿದ್ದು ಈ ಮರ್ಮವನ್ನು ಅರಿತೇ. ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಅವರು ಬಾಳಿನುದ್ದಕ್ಕೂ ಸಹಿಸಬೇಕಾಯಿತು. ಮುಂಬಯಿ ಸರಕಾರವು 1928ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗೆಂದು ತೆರೆದು ಅಂಬೇಡ್ಕರರ ಶಿಕ್ಷಣ ಸಂಸ್ಥೆಯ ಆಡಳಿತಕ್ಕೆ ಒಪ್ಪಿಸಿದ ವಿದ್ಯಾರ್ಥಿನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಅವರು ವೈಸರಾಯರ ಕಾರ್ಯಕಾರಿ ಮಂಡಲಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಮೆಟ್ರಿಕ್ಯುಲೇಶನ್ನಿನ ಅನಂತರದ ಓದಿಗೆ ಕೇಂದ್ರದ ವಿದ್ಯಾರ್ಥಿವೇತನವೂ ಆರಂಭವಾಯಿತು. ಅರಸನ ಕೈಯಿಂದ ಬರುತ್ತಿದ್ದುದು ಹೀಗೆ ಬೊಕ್ಕಸದಿಂದ ಬರತೊಡಗಿತು.

ಕಟ್ಟಿಸಿದವರ ಮನಸ್ಸಿನಲ್ಲಿ ವಿದ್ಯಾರ್ಥಿನಿಲಯವೆಂದರೆ ಅನ್ನ ಮತ್ತು ಸೂರು, ಅಷ್ಟೆ. ಆದರೆ ಒಂದೇ ಅವಮಾನವನ್ನು ಬೇರೆಬೇರೆ ಊರುಗಳಲ್ಲಿ ಒಬ್ಬೊಬ್ಬರೇ ನುಂಗಿಕೊಂಡು ಬಂದ ನೂರು ತರುಣರನ್ನು ಒಂದೇ ಸೂರಿನ ಕೆಳಗೆ ಸೇರಿಸಿದಾಗ ಅವರು ಮಾತಾಡಿಕೊಳ್ಳದೆ ಇರಲಾರರೆಂಬುದನ್ನು ಆ ದಾನಿಗಳಾಗಲಿ, ಸರಕಾರವಾಗಲಿ ಊಹಿಸಿದಂತೆ ತೋರುವುದಿಲ್ಲ. ತನ್ನೊಬ್ಬನ ದುರದೃಷ್ಟವೆಂದು ಬಗೆದಿದ್ದುದು ಎಲ್ಲರ ಸ್ಥಿತಿಯೆಂದು ತಿಳಿಯುವುದು ಇಂಥ ಕೋಣೆಗಳಲ್ಲಿಯೇ.

ಅದರ ಪ್ರತ್ಯಕ್ಷ ನಿದರ್ಶನವು 1973ರ ನವೆಂಬರಿನಲ್ಲಿ ಮೈಸೂರು ಸೀಮೆಗೆ ದೊರೆಯಿತು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಹೆಸರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸವೆಂದು ಅಂದುಬಿಟ್ಟರು. ಮಾತು ಒರಟಾದುದೇ, ಸಾಹಿತ್ಯಪ್ರಿಯರಿಗೆ ನೋವಾದುದು ಸಹಜವೇ. ಆದರೆ ಸಾಹಿತ್ಯದ ಪರವಾಗಿ ಎದ್ದ ಕೋಪವು ಸಾಹಿತ್ಯದ ಚರ್ಚೆಯಲ್ಲಿ ತೀರಲಿಲ್ಲ: ಬೀದಿಗಿಳಿದ ವಿದ್ಯಾರ್ಥಿಗಳ ಗುಂಪುಗಳು ದಲಿತ ವಿದ್ಯಾರ್ಥಿಗಳ ಮೇಲೆಯೂ ಅವರ ನಿಲಯಗಳ ಮೇಲೆಯೂ ಕೈಮಾಡಿದುವು. ಮಂತ್ರಿಯು ಆಡಿದ ಮಾತಿಗೆ, ಅದೇ ಕಾಲೇಜಿನ ಬೆಂಚಿನಲ್ಲಿ ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತಿದ್ದ ಸಹಪಾಠಿಯು ಪೆಟ್ಟು ತಿಂದದ್ದೇಕೆ? ಆ ಪ್ರಶ್ನೆಗೆ ಬೂಸ ಚಳುವಳಿಯ ಯಾವ ಮುಖಂಡನ ಬಳಿಯೂ ಸಭ್ಯವಾದ ಉತ್ತರವಿರಲಿಲ್ಲವೆಂದೇ ನನ್ನ ಎಣಿಕೆ. ಬಸವಲಿಂಗಪ್ಪನವರು ಪದವಿಯನ್ನು ಬಿಡಬೇಕಾಯಿತು. ಕುವೆಂಪು ಅವರು ಆ ಮಾತಿನಲ್ಲಿದ್ದ ಸತ್ಯಾಂಶವನ್ನು ಸಮರ್ಥಿಸಿದರೆಂಬುದು ಆ ತರುಣರಿಗೆ ದೊಡ್ಡ ಧೈರ್ಯವಾಯಿತು. ಆದರೂ ಅದಕ್ಕಿಂತ ಹಿರಿದಾದ ಧೈರ್ಯವು ಅವರಿಗೆ ಒಬ್ಬರಿಂದೊಬ್ಬರಿಗೆ ಬಂದುದು.

ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲಿನಲ್ಲಿದ್ದು ಓದಿದ ಸಿದ್ಧಲಿಂಗಯ್ಯನವರು, ಮೈಸೂರಿನಲ್ಲಿ ದೇವನೂರ ಮಹಾದೇವರು, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು, ಹೀಗೆ ಚದುರಿದ್ದವರನ್ನು ಆ ಕೆಲವು ವಾರಗಳ ಪೆಟ್ಟುಗಳು ಹತ್ತಿರಕ್ಕೆ ತಂದವು. ಆ ದಶಕದ ಮಧ್ಯದಲ್ಲಿ ದಲಿತ ಸಂಘರ್ಷ ಸಮಿತಿಯು ರೂಪುಗೊಂಡಿತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಅಚ್ಚಾದ ಮೇಲೆ, ಬೂಸವೆಂಬ ಮಾತಿಗೆ ಕನ್ನಡ ಸಾಹಿತ್ಯವು ಕೊಡಬಹುದಾಗಿದ್ದ ಸರಿಯಾದ ಉತ್ತರವು ಹಾಸ್ಟೆಲಿನ ಹುಡುಗರಿಂದಲೇ ಬಂತೆಂದು ಹೇಳಿದರೆ ವಿನೋದವೂ ಹೌದು, ನಿಜವೂ ಹೌದು. ಊರಲ್ಲಿ ದೌರ್ಜನ್ಯವಾದರೆ ಕರಪತ್ರ ಬರೆಯುವುದು, ಹಲಗೆ ಬಡಿದು ಹಾಡುವುದು, ಕಚೇರಿಗೆ ಅರ್ಜಿ ಕೊಟ್ಟು ಬೆನ್ನು ಹತ್ತುವುದು, ಇವೆಲ್ಲವನ್ನೂ ಒಂದು ತಲೆಮಾರು ಕಲಿತದ್ದು ಆ ಬಳಗದಲ್ಲಿಯೇ.

ಆದರೆ ನಿಲಯವೂ ನಿರ್ಭಯವಾದ ನೆಲೆಯಾಗಿ ಉಳಿಯಲಿಲ್ಲ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿನ ತಾರತಮ್ಯವನ್ನು ವಿಚಾರಿಸಲು 2006ರಲ್ಲಿ ನೇಮಕವಾದ ಸುಖದೇವ ಥೋರಟ್ ಸಮಿತಿಯು, ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳು ಕಿರುಕುಳಕ್ಕೆ ಬೇಸತ್ತು ವಸತಿಗೃಹಗಳ ಮೇಲಂತಸ್ತುಗಳಲ್ಲಿ ಗುಂಪುಗೂಡಿರುವುದನ್ನು ಕಂಡು ವರದಿಮಾಡಿತು. ಕೇರಿಯು ಊರಿನ ಹೊರಗಿದ್ದುದು ಇಲ್ಲಿ ಮಹಡಿಯ ಮೇಲಕ್ಕೆ ಹೋಗಿತ್ತು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2012ರಲ್ಲಿ ಹೊರಡಿಸಿದ ಸಮಾನತೆಯ ನಿಯಮಾವಳಿಯು ವಸತಿ, ಊಟದ ಮನೆ, ವಾಚನಾಲಯ, ಕುಡಿಯುವ ನೀರು, ಎಲ್ಲದರಲ್ಲಿಯೂ ಬೇರ್ಪಡಿಸುವಿಕೆಯನ್ನು ನಿಷೇಧಿಸಿ, ತಾರತಮ್ಯದ ದೂರನ್ನು ಆಲಿಸಲು ಪ್ರತಿ ಸಂಸ್ಥೆಯಲ್ಲಿ ಒಬ್ಬ ಅಧಿಕಾರಿ ಇರತಕ್ಕದ್ದೆಂದೂ, ದೂರು 60 ದಿನಗಳೊಳಗೆ ಇತ್ಯರ್ಥವಾಗತಕ್ಕದ್ದೆಂದೂ ವಿಧಿಸಿತು. ಬರೆದದ್ದು ಚೆನ್ನಾಗಿಯೇ ಇತ್ತು. ಆದರೂ ಹೈದರಾಬಾದು ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರನ್ನು ವಿದ್ಯಾರ್ಥಿನಿಲಯದಿಂದ ಹೊರಗೆ ಹಾಕಲಾಗಿ, ಅವರು ಆವರಣದ ಬಯಲಿನಲ್ಲಿ ಡೇರೆ ಹಾಕಿ, ಅದಕ್ಕೆ ಕೇರಿಯೆಂದೇ ಅರ್ಥಬರುವ ‘ವೆಲಿವಾಡ’ ಎಂಬ ತೆಲುಗು ಹೆಸರಿಟ್ಟು ರಾತ್ರಿಗಳನ್ನು ಕಳೆದರು. ಅವರಲ್ಲೊಬ್ಬರಾದ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡರು. ಮುಂಬಯಿಯ ವೈದ್ಯೆ ಪಾಯಲ್ ತಡವಿ 2019ರ ಮೇ ತಿಂಗಳಿನಲ್ಲಿ ತೀರಿಕೊಂಡ ಮೇಲೆ, ಮಕ್ಕಳನ್ನು ಕಳೆದುಕೊಂಡ ಆ ಇಬ್ಬರು ತಾಯಂದಿರು, ರಾಧಿಕಾ ವೇಮುಲ ಮತ್ತು ಆಬೇದಾ ತಡವಿ, ಜೊತೆಗೂಡಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಅವರು ಬೇಡಿದ ಮುಖ್ಯ ಸಂಗತಿ ಹೊಸತೇನಲ್ಲ: 2012ರ ನಿಯಮಗಳನ್ನು ಆಚರಣೆಗೆ ತನ್ನಿರಿ ಎಂಬುದು.

ಕಾಲೇಜಿನಲ್ಲಿ ಜಾತಿಯೆತ್ತಿ ನಿಂದಿಸಲ್ಪಟ್ಟ ಹುಡುಗಿಯು ನೇರವಾಗಿ ಪ್ರಾಂಶುಪಾಲರ ಕೊಠಡಿಗೆ ಹೋಗುವುದು ಈಗಲೂ ವಿರಳ. ಹಾಸ್ಟೆಲಿನ ಹಿರಿಯಳೊಬ್ಬಳ ಕೋಣೆಗೇ ಮೊದಲು ಹೋಗುವಳು. ಹಾಗೆ ಬಂದವಳ ಅಳುವನ್ನು ಆಲಿಸಿದ ಮೇಲೆ ಆ ಅಕ್ಕನು ಮಾಡಿಸಬೇಕಾದ ಕೆಲಸವೊಂದುಂಟು. ಅಂದ ಮಾತು ಯಾವುದು, ಅಂದವರು ಯಾರು, ದಿನ ಯಾವುದು, ಕೇಳಿದವರು ಯಾರುಯಾರು ಎಂಬುದನ್ನು ಆ ರಾತ್ರಿಯೇ, ನೆನಪು ಮಾಸುವುದಕ್ಕೆ ಮೊದಲೇ, ಕಾಗದದ ಮೇಲೆ ಬರೆಯಿಸಬೇಕು. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರನ್ನು ಒತ್ತಿಸಿಕೊಳ್ಳಬೇಕು. ಗುಮಾಸ್ತನು ನಾಳೆ ಬನ್ನಿ ಎಂದರೆ ನಾಳೆಯೂ ಜೊತೆಯಲ್ಲಿ ಹೋಗಬೇಕು.