ಚರಂಡಿ ಚಪ್ಪಡಿಗೆ ದುಡ್ಡು ಎಲ್ಲಿಂದ?

ನಿಮ್ಮ ಬೀದಿಯ ಚರಂಡಿಯ ಮೇಲಿನ ಒಂದು ಚಪ್ಪಡಿ ಒಡೆದಿದೆ ಎನ್ನಿ. ಪುರಸಭೆಯ ಕಿರಿಯ ಎಂಜಿನಿಯರ್ ಬಂದು, ಟೇಪು ಹಿಡಿದು ಅಳೆದು, ಅಂದಾಜುಪಟ್ಟಿ ಬರೆಯುತ್ತಾರೆ. ಆ ಪಟ್ಟಿಗೆ ಯಾವ ಬಾಬ್ತಿನಲ್ಲಿ ಹಣವಿದೆ ಎನ್ನುವುದರ ಮೇಲೆ ಹೊಸ ಚಪ್ಪಡಿ ಈ ತಿಂಗಳೇ ಬರುತ್ತದೋ, ಮುಂದಿನ ವರ್ಷಕ್ಕೆ ಬೀಳುತ್ತದೋ ತೀರ್ಮಾನವಾಗುತ್ತದೆ.

ಮೇಲಿನಿಂದ ಬರುವ ಹಣಕ್ಕೆ ಕಟ್ಟುಪಾಡು ಹೆಚ್ಚು. ರಾಜ್ಯ ಹಣಕಾಸು ಆಯೋಗದ ಅನುದಾನವನ್ನು ಕಚೇರಿಯಲ್ಲಿ ‘ಎಸ್‌ಎಫ್‌ಸಿ’ ಎನ್ನುತ್ತಾರೆ. ಅದರಲ್ಲಿ ವೇತನ, ಬೀದಿದೀಪ ಹಾಗೂ ನೀರೆತ್ತುವ ಪಂಪಿನ ವಿದ್ಯುತ್ ಬಿಲ್ಲಿನ ಪಾಲು ಮೊದಲೇ ಬೇರೆಯಾಗುತ್ತದೆ. ಇವಲ್ಲದೆ ಊರಿನ ಕೈಗೆ ಸಿಗುವುದು ‘ಮುಕ್ತನಿಧಿ’. ಕೇಂದ್ರದ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಯೋಜನೆಗಳ ಹಣ ಸಾಮಾನ್ಯವಾಗಿ ಹೊಸ ಕಾಮಗಾರಿಗೆ. ಹೊಸ ರಸ್ತೆಗೆ ಗುದ್ದಲಿಪೂಜೆ ಇರುತ್ತದೆ, ಗುಂಡಿ ಮುಚ್ಚುವುದಕ್ಕೆ ಇರುವುದಿಲ್ಲ. ನಮ್ಮ ಊರುಗಳು ಸೊರಗಿರುವುದು ಇಲ್ಲೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಹಾಗಾಗಿ ದುರಸ್ತಿಯ ಭಾರ ಬಹುಪಾಲು ಊರಿನ ಸ್ವಂತ ಆದಾಯದ ಮೇಲೆ. 1979ರಲ್ಲಿ ಜಕಾತಿ ರದ್ದಾದ ಮೇಲೆ ಅದರಲ್ಲಿ ದೊಡ್ಡದು ಆಸ್ತಿ ತೆರಿಗೆ. ನೀರಿನ ಕಂದಾಯ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ ಆಮೇಲಿನವು. ತೆರಿಗೆಯ ಚಲನ್ ಒಮ್ಮೆ ಬಿಡಿಸಿ ನೋಡಿ: ತೆರಿಗೆಯ ಜೊತೆಗೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ, 3 ರೂಪಾಯಿ ಭಿಕ್ಷುಕರ ಕರ ಸೇರಿರುತ್ತದೆ. ವಸೂಲಿ ಪುರಸಭೆಯದು, ಹಣ ಮಾತ್ರ ಬೇರೆಡೆಗೆ ಸೇರಬೇಕಾದದ್ದು. ಮನೆಯ ಮೇಲೆ ಮಹಡಿ ಎದ್ದರೂ ದಾಖಲೆಯಲ್ಲಿ ಹಳೆಯ ಚದರಡಿಯೇ ಉಳಿದರೆ, ಚಪ್ಪಡಿಯ ದುಡ್ಡು ಅಲ್ಲೇ ಸೋರಿತು.

ಸಾಲವೂ ಉಂಟು. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ ರಾಜ್ಯದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ಸಣ್ಣ ಪುರಸಭೆಗೆ ಆ ದಾರಿ ದೂರ.

ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಹೋಗಿ, ‘ದುರಸ್ತಿ ಮತ್ತು ನಿರ್ವಹಣೆ’ಗೆ ಕಳೆದ ವರ್ಷ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಕೇಳಿ. ಒಡೆದದ್ದು ಹೊಸ ಕಾಮಗಾರಿಯಾದರೆ ಟೆಂಡರ್ ಕರಾರಿನ ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯೇ ವಿಚಾರಿಸಿ. ಮುಗಿದಿಲ್ಲವೆಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು.