ಈಗ ನಗಬಹುದೆ?

ಸಾವಾದ ಮನೆಯಲ್ಲಿ ಮೊದಲನೆಯ ನಗು ಯಾವಾಗ ಹುಟ್ಟುತ್ತದೆಂಬುದನ್ನು ವಾಚಕರು ಎಂದಾದರೂ ಗಮನಿಸಿದ್ದೀರಾ? ಸಾಮಾನ್ಯವಾಗಿ ಅದು ಹುಟ್ಟುವುದು ಹದಿಮೂರನೆಯ ದಿನ, ಊಟದ ಪಂಕ್ತಿಯಲ್ಲಿ. ಬಡಿಸಲು ನಿಂತ ಸೋದರಮಾವನೋ, ದೂರದ ಊರಿನಿಂದ ಬಂದ ಷಡ್ಡಕನೋ ಗತಿಸಿದವರ ಮುಂಗೋಪವನ್ನೋ ಕೈಬಿಗಿತವನ್ನೋ ನೆನೆದು ಒಂದು ಮಾತನ್ನು ಆಡಿಬಿಡುತ್ತಾನೆ. ಎಲೆಯ ಮುಂದೆ ಕುಳಿತವರೆಲ್ಲ ಗೊಳ್ಳೆಂದು ನಕ್ಕು, ಮರುಕ್ಷಣವೇ ತಪ್ಪು ಮಾಡಿದವರಂತೆ ಒಳಮನೆಯ ಕಡೆ ನೋಡುತ್ತಾರೆ. ಅಲ್ಲಿ ಮನೆಯ ಹಿರಿಯಾಕೆಯೂ ಸೆರಗಿನ ಮರೆಯಲ್ಲಿ ನಕ್ಕರೆ ಎಲ್ಲರಿಗೂ ಹೋದ ಉಸಿರು ಮರಳಿ ಬಂದಂತಾಗುತ್ತದೆ. ಆಕೆ ನಗದಿದ್ದರೆ, ಆ ಮಾತನ್ನು ಆಡಿದವನಿಗೆ ಮುಂದಿನ ತುತ್ತು ಗಂಟಲಿನಲ್ಲಿ ಇಳಿಯುವುದಿಲ್ಲ.

ಒಂದು ಮನೆಯ ಸಂಗತಿಯೇ ಹೀಗಿರುವಾಗ, ಎಂಬತ್ತು ಲಕ್ಷ ಜನರು ವಾಸಿಸುವ ಒಂದು ಮಹಾನಗರಕ್ಕೇ ಸೂತಕ ತಗುಲಿದರೆ? ಅಲ್ಲಿ ಮೊದಲನೆಯ ನಗೆಮಾತನ್ನು ಆಡುವವರು ಯಾರು? ಅದಕ್ಕೆ ಅಪ್ಪಣೆ ಕೊಡುವವರು ಯಾರು? 2001ನೆಯ ಇಸವಿಯ ಸೆಪ್ಟೆಂಬರ್ 29ರ ಶನಿವಾರ ರಾತ್ರಿ ನ್ಯೂಯಾರ್ಕಿನ ಒಂದು ಹಾಸ್ಯ ಕಾರ್ಯಕ್ರಮ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಪ್ರಸಿದ್ಧ ಪ್ರಹಸನಮಾಲೆ ತನ್ನ ಇಪ್ಪತ್ತೇಳನೆಯ ವರ್ಷದ ಮೊದಲನೆಯ ಕಂತನ್ನು ಪ್ರಸಾರ ಮಾಡಿದ ರಾತ್ರಿ ಅದು. ಆ ಕಂತಿನ ವಿಮರ್ಶೆಯನ್ನು ಇಷ್ಟು ವರ್ಷಗಳ ನಂತರ ಬರೆಯುವುದರಲ್ಲಿ ಅರ್ಥವಿದೆಯೆಂದು ನಮಗೆ ತೋರುತ್ತದೆ. ಹಾಸ್ಯದ ಕಷ್ಟವೇನೆಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ಪ್ರಸಂಗಗಳು ವಿರಳ.

ವಾರಕ್ಕೊಮ್ಮೆ ನಗೆಯ ಅಡುಗೆ

ಈ ಕಾರ್ಯಕ್ರಮದ ಪರಿಚಯವಿಲ್ಲದ ಓದುಗರಿಗೆ ಎರಡು ಮಾತು. 1975ರ ಅಕ್ಟೋಬರ್ 11ರಂದು ಎನ್.ಬಿ.ಸಿ. ಸಂಸ್ಥೆಯ ಟೆಲಿವಿಷನ್ನಿನಲ್ಲಿ ಇದು ಮೊದಲು ಪ್ರಸಾರವಾಯಿತು. ಕೆನಡಾ ದೇಶದಿಂದ ಬಂದ ಲಾರ್ನ್ ಮೈಕೆಲ್ಸ್ ಎಂಬವರು ಇದರ ನಿರ್ಮಾಪಕರು. ಐದಾರು ನಿಮಿಷಗಳ ಬಿಡಿ ಬಿಡಿ ಪ್ರಹಸನಗಳು, ನಡುವೆ ವಾರದ ಸುದ್ದಿಗಳನ್ನು ಅಣಕಿಸುವ ಒಂದು ‘ವಾರ್ತಾಪ್ರಸಾರ’, ಎರಡು ಹಾಡುಗಳು: ಇವೆಲ್ಲ ಸೇರಿ ಒಂದೂವರೆ ಗಂಟೆಯ ಕಾಲ. ವಾರವಾರವೂ ಬೇರೆ ಬೇರೆ ಖ್ಯಾತನಾಮರು ಆತಿಥೇಯರಾಗಿ ಬಂದು, ಖಾಯಂ ಕಲಾವಿದರ ತಂಡದೊಡನೆ ತಾವೂ ವೇಷ ಕಟ್ಟುತ್ತಾರೆ.

ಇದರ ವಿಶೇಷವಿರುವುದು ಎಲ್ಲವೂ ನೇರ ಪ್ರಸಾರವಾಗುವುದರಲ್ಲಿ. ಸೋಮವಾರ ಬರಿಗೈಯಿಂದ ಕೆಲಸ ಆರಂಭ. ಮಂಗಳವಾರ ರಾತ್ರಿಯೆಲ್ಲ ಕುಳಿತು ಬೆಳಗಾಗುವವರೆಗೂ ಬರವಣಿಗೆ. ಬುಧವಾರ ಸುಮಾರು ನಲವತ್ತು ಪ್ರಹಸನಗಳನ್ನು ಮೇಜಿನ ಸುತ್ತ ಕುಳಿತು ಗಟ್ಟಿಯಾಗಿ ಓದಿ, ಹೆಚ್ಚಿನವನ್ನು ಅಲ್ಲಿಯೇ ಕೈಬಿಡುತ್ತಾರೆ. ಗುರುವಾರ, ಶುಕ್ರವಾರ ರಂಗಸಜ್ಜಿಕೆ ಮತ್ತು ತಾಲೀಮು. ಶನಿವಾರ ಸಂಜೆ ಪ್ರೇಕ್ಷಕರ ಮುಂದೆಯೇ ಒಂದು ಪೂರ್ಣಾಭಿನಯ. ಅಲ್ಲಿ ನಗು ಬಾರದ ಪ್ರಹಸನಕ್ಕೆ ಆ ಕ್ಷಣವೇ ಕತ್ತರಿ. ಹನ್ನೊಂದೂವರೆಗೆ ನಿಜವಾದ ಪರೀಕ್ಷೆ. ಬಾಯಿ ತಪ್ಪಿದರೆ ತಿದ್ದಲು ಅವಕಾಶವಿಲ್ಲ.

ಇದೆಲ್ಲ ನಡೆಯುವುದು ರಾಕ್‌ಫೆಲರ್ ಪ್ಲಾಜಾದ ಕಟ್ಟಡದಲ್ಲಿರುವ ‘8-ಎಚ್’ ಎಂಬ ಸ್ಟುಡಿಯೋದಲ್ಲಿ. ಒಂದು ಕಾಲದಲ್ಲಿ ಮಹಾಸಂಗೀತಗಾರ ಟೊಸ್ಕನೀನಿ ತಮ್ಮ ವಾದ್ಯವೃಂದವನ್ನು ಅದೇ ಸ್ಟುಡಿಯೋದಲ್ಲಿ ನಡೆಸಿ ರೇಡಿಯೋ ಶ್ರೋತೃಗಳನ್ನು ತಣಿಸಿದ್ದರು.

ಪ್ರತಿಯೊಂದು ಕಂತಿಗೂ ಒಂದು ಸಂಪ್ರದಾಯದ ಪ್ರಾರಂಭವಿದೆ. ಮೊದಲು ಒಂದು ಪುಟ್ಟ ಪ್ರಹಸನ, ಅದರ ಕೊನೆಯಲ್ಲಿ ಯಾರಾದರೊಬ್ಬರು ಪ್ರೇಕ್ಷಕರ ಕಡೆ ತಿರುಗಿ, “ಲೈವ್ ಫ್ರಂ ನ್ಯೂಯಾರ್ಕ್, ಇಟ್ಸ್ ಸ್ಯಾಟರ್ಡೇ ನೈಟ್!” ಎಂದು ಕೂಗುತ್ತಾರೆ. ‘ನ್ಯೂಯಾರ್ಕಿನಿಂದ ನೇರವಾಗಿ’ ಎಂಬುದು ಇಪ್ಪತ್ತಾರು ವರ್ಷಗಳ ಕಾಲ ಕೇವಲ ಒಂದು ವಾಡಿಕೆಯ ಘೋಷಣೆಯಾಗಿತ್ತು. ಆ ಸೆಪ್ಟೆಂಬರಿನಲ್ಲಿ ಮಾತ್ರ ಆ ಪದಗಳಿಗೆ ಇದ್ದಕ್ಕಿದ್ದಂತೆ ಭಾರ ಬಂದಿತು.

ಮಾತು ಸೋತ ವಿದೂಷಕರು

ಹದಿನೆಂಟು ದಿನಗಳ ಹಿಂದೆ, ಸೆಪ್ಟೆಂಬರ್ 11ರ ಬೆಳಗ್ಗೆ, ಅದೇ ನಗರದ ವಿಶ್ವ ವಾಣಿಜ್ಯ ಕೇಂದ್ರದ ಎರಡು ಗೋಪುರಗಳು ಉರುಳಿಬಿದ್ದಿದ್ದವು. ನ್ಯೂಯಾರ್ಕೊಂದರಲ್ಲಿಯೇ 2,753 ಮಂದಿ ಮಡಿದರು. ಉರಿಯುವ ಕಟ್ಟಡದಿಂದ ಜನರು ಕೆಳಗೆ ಓಡಿಬರುತ್ತಿದ್ದಾಗ ಮೆಟ್ಟಿಲು ಹತ್ತಿ ಮೇಲೆ ಹೋದ ಅಗ್ನಿಶಾಮಕ ದಳದವರಲ್ಲಿ 343 ಮಂದಿ ಹಿಂದಿರುಗಲಿಲ್ಲ. ಆ ಸ್ಥಳಕ್ಕೂ ಸ್ಟುಡಿಯೋಗೂ ಐದಾರು ಕಿಲೋಮೀಟರುಗಳಷ್ಟೇ ದೂರ. ಕಾರ್ಯಕ್ರಮ ನಡೆದ ರಾತ್ರಿ ಅವಶೇಷಗಳೊಳಗಿನ ಬೆಂಕಿ ಇನ್ನೂ ಹೊಗೆಯಾಡುತ್ತಿತ್ತು. ಅದು ಪೂರ್ತಿ ಆರಿದ್ದು ಡಿಸೆಂಬರ್ ತಿಂಗಳಿನಲ್ಲಿ.

ನಗಿಸುವುದನ್ನೇ ಕಸುಬಾಗಿ ಉಳ್ಳವರು ಆ ದಿನಗಳಲ್ಲಿ ಪಟ್ಟ ಪಾಡು ಹೇಳತೀರದು. ರಾತ್ರಿಯ ಹರಟೆ ಕಾರ್ಯಕ್ರಮಕ್ಕೆ ಪ್ರಖ್ಯಾತರಾದ ಡೇವಿಡ್ ಲೆಟರ್‌ಮನ್ ಸೆಪ್ಟೆಂಬರ್ 17ರಂದು ಮತ್ತೆ ವೇದಿಕೆಗೆ ಬಂದಾಗ ಎಂದಿನ ಚಟಾಕಿಗಳಿಲ್ಲ. ಕುರ್ಚಿಯಲ್ಲಿ ಕುಳಿತು ತಡವರಿಸುತ್ತ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡರು. ಅಂದಿನ ಅತಿಥಿ, ಹಿರಿಯ ವಾರ್ತಾವಾಚಕ ಡ್ಯಾನ್ ರ್‍ಯಾದರ್ ಮಾತನಾಡುತ್ತಲೇ ಅತ್ತುಬಿಟ್ಟರು. ಮೂರು ದಿನಗಳ ಮೇಲೆ ಜಾನ್ ಸ್ಟೂವರ್ಟ್ ಎಂಬ ಇನ್ನೊಬ್ಬ ವಿಡಂಬನಕಾರರು ಗದ್ಗದಕಂಠದಿಂದ, ತಮ್ಮ ಮನೆಯ ಕಿಟಕಿಯಿಂದ ಮೊದಲು ಆ ಗೋಪುರಗಳು ಕಾಣುತ್ತಿದ್ದವೆಂದೂ ಈಗ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತದೆಂದೂ ಹೇಳಿದರು. ‘ದಿ ಆನಿಯನ್’ ಎಂಬ ವಿಡಂಬನೆಯ ವಾರಪತ್ರಿಕೆ 26ರಂದು ಧೈರ್ಯಮಾಡಿ ಸಂಚಿಕೆ ಹೊರಡಿಸಿತು. ‘ಕೊಲ್ಲಬೇಡಿ’ ಎಂಬ ತನ್ನ ಆಜ್ಞೆಯ ಅರ್ಥವೇನೆಂದು ದೇವರೇ ಕೋಪದಿಂದ ವಿವರಿಸುವ ಕಲ್ಪನೆ ಆ ಸಂಚಿಕೆಯದು.

ಎಡವಿದವರೂ ಇದ್ದರು. ಅದೇ ದಿನಗಳಲ್ಲಿ ನ್ಯೂಯಾರ್ಕಿನ ಒಂದು ವಿನೋದಕೂಟದಲ್ಲಿ ಗಿಲ್ಬರ್ಟ್ ಗಾಟ್‌ಫ್ರೀಡ್ ಎಂಬ ಹಾಸ್ಯಗಾರರು ವಿಮಾನ ಮತ್ತು ಎತ್ತರದ ಕಟ್ಟಡದ ಬಗ್ಗೆ ಒಂದು ಚಟಾಕಿ ಹಾರಿಸಿದರು. ಸಭೆ ಮುನಿಯಿತು, “ಇಷ್ಟು ಬೇಗನೆ?” ಎಂಬ ಕೂಗೆದ್ದಿತು. ನುರಿತ ಕಲಾವಿದನಿಗೂ ಕಾಲದ ಅಳತೆ ತಪ್ಪಿತ್ತು.

ಆ ಐದಾರು ನಿಮಿಷಗಳು

ಇಂತಹ ವಾತಾವರಣದಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ತೆರೆ ಸರಿಸಬೇಕಾಯಿತು. ತೆರೆ ಸರಿದಾಗ ಕಂಡುಬಂದವರು ಹಾಸ್ಯನಟರಲ್ಲ. ನಗರದ ಮೇಯರ್ ರುಡಾಲ್ಫ್ ಜೂಲಿಯಾನಿ ನಿಂತಿದ್ದರು. ಅವರ ಸುತ್ತಮುತ್ತ, ಸಮವಸ್ತ್ರ ಧರಿಸಿದ ಅಗ್ನಿಶಾಮಕ ದಳದವರು, ಪೊಲೀಸರು. ವೇಷವಲ್ಲ, ನಿಜವಾದ ಸಮವಸ್ತ್ರ. ನಟರಿಗೆ ಮೀಸಲಾದ ರಂಗದ ಮೇಲೆ ನಿಲ್ಲಬೇಕಾಗಿ ಬಂದ ಸಂಕೋಚ ಆ ಮುಖಗಳಲ್ಲಿತ್ತು. ಮೇಯರರು ಮಡಿದವರನ್ನು ನೆನೆದು, ಬದುಕುಳಿದವರನ್ನು ವೀರರೆಂದು ಪರಿಚಯಿಸಿ, ನಗರದ ಹೃದಯ ಒಡೆದಿದ್ದರೂ ಅದರ ಬಡಿತ ನಿಂತಿಲ್ಲವೆಂಬ ಅರ್ಥದ ಮಾತುಗಳನ್ನಾಡಿದರು.

ಅನಂತರ ಪಾಲ್ ಸೈಮನ್ ಗಿಟಾರ್ ಹಿಡಿದು ‘ದಿ ಬಾಕ್ಸರ್’ ಎಂಬ ತಮ್ಮ ಹಳೆಯ ಹಾಡನ್ನು ಹಾಡಿದರು. ಅವರು ಈ ಕಾರ್ಯಕ್ರಮಕ್ಕೆ ಹೊಸಬರಲ್ಲ. 1975ರಲ್ಲಿ ಇದರ ಎರಡನೆಯ ಕಂತಿನ ಆತಿಥೇಯರೇ ಅವರು. ಆ ಹಾಡಾದರೂ ಶೋಕಗೀತೆಯಲ್ಲ, ದೇಶಭಕ್ತಿಗೀತೆಯೂ ಅಲ್ಲ. ಬರಿಗೈಯಲ್ಲಿ ನ್ಯೂಯಾರ್ಕಿಗೆ ಬಂದ ಬಡ ಹುಡುಗನೊಬ್ಬ, ಅಲ್ಲಿನ ಚಳಿಗೆ ಸೋತು ಊರಿಗೆ ಮರಳಲು ಹಂಬಲಿಸುವುದು, ಏಟು ತಿಂದು ತಿಂದು ಬೇಸತ್ತರೂ ಕಣದಲ್ಲಿಯೇ ಉಳಿಯುವ ಒಬ್ಬ ಮುಷ್ಟಿಮಲ್ಲ: ಇಷ್ಟೇ ಅದರ ವಸ್ತು. ಹಾಡು ಸಾಗುತ್ತಿದ್ದಂತೆ ಕ್ಯಾಮೆರಾ ನಿಧಾನವಾಗಿ ಆ ಸಮವಸ್ತ್ರದವರ ಮುಖಗಳ ಮೇಲೆ ಹಾದುಹೋಗುತ್ತದೆ. ಯಾರೂ ಅಭಿನಯಿಸುತ್ತಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ಹೊರಬಂದ ಹಾಡು ಅಂದೇ ಬರೆದಂತೆ ಕೇಳಿಸುತ್ತದೆ.

ಹಾಡು ಮುಗಿಯಿತು. ನಿರ್ಮಾಪಕ ಮೈಕೆಲ್ಸ್ ಮೇಯರರ ಪಕ್ಕಕ್ಕೆ ಬಂದು ವಂದನೆ ಸಲ್ಲಿಸಿದರು. ನಗರದ ಸಂಸ್ಥೆಗಳೆಲ್ಲ ಮತ್ತೆ ಬಾಗಿಲು ತೆರೆಯಬೇಕೆಂದೂ, ಈ ಕಾರ್ಯಕ್ರಮವೂ ಅಂತಹದೊಂದು ಸಂಸ್ಥೆಯೆಂದೂ, ಆದ್ದರಿಂದ ಇಂದು ಅದು ನಡೆಯಲೇಬೇಕೆಂದೂ ಮೇಯರರು ಗಂಭೀರವಾಗಿ ನುಡಿದರು. ಆಗ ಮೈಕೆಲ್ಸ್ ಕೇಳಿದರು:

“ನಾವು ನಗಿಸಬಹುದೆ?”

ಮೇಯರರು ಮುಖದ ಗಾಂಭೀರ್ಯವನ್ನು ಸಡಿಲಿಸದೆ ಉತ್ತರವಿತ್ತರು:

“ಈವರೆಗೆ ಇಲ್ಲದ್ದನ್ನು ಈಗೇಕೆ ಶುರುಮಾಡುತ್ತೀರಿ?”

ಸ್ಟುಡಿಯೋ ನಕ್ಕಿತು. ಒಡನೆಯೇ ಮೇಯರರು ಆ ವಾಡಿಕೆಯ ಘೋಷಣೆಯನ್ನು ಕೂಗಿದರು: ನ್ಯೂಯಾರ್ಕಿನಿಂದ ನೇರವಾಗಿ!

ಮಾತು ಸಣ್ಣದು. ಆದರೆ ಅದರ ಹೆಣಿಗೆಯನ್ನು ನೋಡಿ. ಆ ನಗೆಯ ಏಟು ಬಿದ್ದುದು ಯಾರ ಮೇಲೆ? ಸತ್ತವರ ಮೇಲಲ್ಲ, ಅತ್ತವರ ಮೇಲಲ್ಲ, ಶತ್ರುವಿನ ಮೇಲೆ ಕೂಡ ಅಲ್ಲ. ನಗಿಸಲು ಬಂದವನ ಮೇಲೆಯೇ. ವಿದೂಷಕನು ತನ್ನ ತಲೆಯನ್ನು ತಾನೇ ಒಡ್ಡಿಕೊಂಡ. ಎರಡನೆಯದಾಗಿ, ಆ ಏಟನ್ನು ಕೊಟ್ಟವರು ಶವಸಂಸ್ಕಾರಗಳಲ್ಲಿ ಪಾಲುಗೊಳ್ಳುತ್ತಿದ್ದ ನಗರದ ಯಜಮಾನರು. ಅವರ ಬೆನ್ನ ಹಿಂದೆ ನಿಂತವರು ತಮ್ಮ ಜೊತೆಗಾರರನ್ನು ಕಳೆದುಕೊಂಡವರು. ಪಂಕ್ತಿಯಲ್ಲಿ ಕುಳಿತವರು ಒಳಮನೆಯ ಹಿರಿಯಾಕೆಯ ಕಡೆ ನೋಡುತ್ತಾರಲ್ಲ, ಇಲ್ಲಿ ಆ ಹಿರಿಯಾಕೆಯನ್ನೇ ಕರೆತಂದು ಪಂಕ್ತಿಯ ಮುಂದೆ ನಿಲ್ಲಿಸಿದ್ದರು. ನೊಂದವರೇ ನಕ್ಕ ಮೇಲೆ ಉಳಿದವರಿಗೇನು ಅಡ್ಡಿ? ಗಾಟ್‌ಫ್ರೀಡರು ಎಡವಿದ್ದೂ ಮೈಕೆಲ್ಸರು ಗೆದ್ದುದೂ ಈ ಒಂದು ಅಂತರದಲ್ಲಿ. ಒಬ್ಬರು ಕೇಳದೆ ನಕ್ಕರು. ಇನ್ನೊಬ್ಬರು ಕೇಳಿ ನಗಿಸಿದರು.

ಹಿಮಕರಡಿಯ ಮರಿ

ಅಪ್ಪಣೆ ಸಿಕ್ಕಿತು, ನಿಜ. ಅನಂತರದ ಒಂದೂವರೆ ಗಂಟೆ ಹೇಗಿತ್ತು? ಇಲ್ಲಿ ವಿಮರ್ಶಕನು ದಾಕ್ಷಿಣ್ಯ ಬಿಟ್ಟು ಮಾತನಾಡಬೇಕಾಗುತ್ತದೆ.

ಆತಿಥೇಯೆಯಾಗಿ ಬಂದ ತರುಣ ನಟಿ ರೀಸ್ ವಿದರ್‌ಸ್ಪೂನ್ ಒಂದು ಹಿಮಕರಡಿಯ ಕತೆಯನ್ನು ಹೇಳಿದರು. ಮರಿಕರಡಿ ತಾಯಿಯನ್ನು, “ಅಮ್ಮಾ, ನಾನು ನಿಜವಾಗಿಯೂ ಹಿಮಕರಡಿಯೇ ತಾನೆ?” ಎಂದು ಮತ್ತೆ ಮತ್ತೆ ಪೀಡಿಸುತ್ತದೆ. ಹೌದು ಮಗು, ಹೌದು ಮಗು ಎಂದು ಹೇಳಿ ಹೇಳಿ ಸಾಕಾದ ತಾಯಿ, ಏಕೆ ಹಾಗೆ ಕೇಳುತ್ತೀಯೆ ಎಂದರೆ, ತನಗೆ ಚಳಿ ತಡೆಯಲಾಗುತ್ತಿಲ್ಲವೆಂದು ಮರಿಯ ಉತ್ತರ. ಮೂಲ ಕತೆಯಲ್ಲಿ ಆ ಚಳಿಗೆ ಒಂದು ಅಸಭ್ಯ ವಿಶೇಷಣವಿದೆ. ಅದನ್ನು ಬಳಸಿದರೆ ಸರ್ಕಾರ ಹಾಕುವ ದಂಡವನ್ನು ತಾವೇ ತೆರುವುದಾಗಿ ಮೈಕೆಲ್ಸ್ ಆಕೆಗೆ ಹೇಳಿದ್ದರಂತೆ. ಆಕೆ ಅಷ್ಟು ದೂರ ಹೋಗದೆ ಸ್ವಲ್ಪ ಮೆತ್ತಗಿನ ಮಾತಿನಲ್ಲಿಯೇ ಮುಗಿಸಿದರು. ಕತೆ ಮಕ್ಕಳ ಮಟ್ಟದ್ದು. ಆದರೆ ಯಾರ ಗಾಯವನ್ನೂ ಮುಟ್ಟದ ಒಂದು ನಗೆ ಆ ಗಳಿಗೆಗೆ ಬೇಕಾಗಿತ್ತು. ಅದಕ್ಕೆ ಉತ್ತರಧ್ರುವದವರೆಗೆ ಹೋಗಬೇಕಾಯಿತು, ಅಷ್ಟೇ!

ಮುಂದೆ ಬಂದುದು ವಿಲ್ ಫೆರೆಲ್ ಮತ್ತು ಡ್ಯಾರೆಲ್ ಹ್ಯಾಮಂಡ್ ಅವರ ಹಳೆಯ ಜನಪ್ರಿಯ ಅಣಕ, ಪ್ರಸಿದ್ಧರು ಪಾಲ್ಗೊಳ್ಳುವ ರಸಪ್ರಶ್ನೆಯ ಕಾರ್ಯಕ್ರಮ. ಮಗುವೂ ಉತ್ತರಿಸಬಲ್ಲ ಪ್ರಶ್ನೆಗೆ ಉತ್ತರ ತಿಳಿಯದ ಗಣ್ಯರು, ತಾಳ್ಮೆಗೆಡುವ ಪ್ರಶ್ನಕಾರ, ಅವನನ್ನು ಕೆಣಕುವುದೊಂದನ್ನೇ ಗುರಿಯಾಗಿಟ್ಟುಕೊಂಡ ನಟ ಶಾನ್ ಕಾನರಿ. ಹೊಸತನವೇನೂ ಇಲ್ಲ. ಬೇರೆ ವರ್ಷವಾಗಿದ್ದರೆ ಹಳಸಿದ ಸರಕು ಎಂದು ಬರೆಯುತ್ತಿದ್ದೆವು. ಅಂದು ಮಾತ್ರ, ಸೂತಕ ಕಳೆದ ಮನೆಯಲ್ಲಿ ಮೊದಲ ದಿನ ಎಂದಿನಂತೆ ಸಾರಿನ ಒಗ್ಗರಣೆಯ ವಾಸನೆ ಬಂದಂತೆ ಆ ಹಳೆಯದೇ ಹಿತವಾಗಿತ್ತು. ನ್ಯೂಯಾರ್ಕಿನವರೇ ಆದ ಅಲಿಶಿಯಾ ಕೀಸ್ ಹಾಡಿದರು. ಏಮಿ ಪೋಲರ್, ಸೆತ್ ಮೇಯರ್ಸ್ ಸೇರಿದಂತೆ ನಾಲ್ವರು ಹೊಸಬರಿಗೆ ತಂಡದಲ್ಲಿ ಅದೇ ಮೊದಲನೆಯ ರಾತ್ರಿ. ಮುಂದೆ ಹೆಸರು ಮಾಡಿದ ಈ ಇಬ್ಬರ ರಂಗಪ್ರವೇಶ ಎಂತಹ ರಾತ್ರಿಯಲ್ಲಿ ಆಯಿತೆಂಬುದು ನೆನಪಿಡತಕ್ಕ ಸಂಗತಿ.

ಪ್ರಹಸನಗಳ ಗುಣವನ್ನಷ್ಟೇ ತೂಗಿದರೆ ಇದು ಸಾಧಾರಣ ಕಂತು. ಮಾಲೆಯ ಅತ್ಯುತ್ತಮ ಪ್ರಹಸನಗಳನ್ನು ಆಯುವವನು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಮಾಲೆಯ ಅತ್ಯುತ್ತಮ ಪ್ರಾರಂಭ ಯಾವುದೆಂದು ಕೇಳಿದರೆ ಬೇರೊಂದನ್ನು ಹೆಸರಿಸುವುದು ಕಷ್ಟ.

ಕಾಲದ ದೂರದಿಂದ

ಧೈರ್ಯದ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಎರಡೇ ವಾರಗಳಲ್ಲಿ, ಅಕ್ಟೋಬರ್ 12ರಂದು, ಅದೇ ಕಟ್ಟಡದ ಸುದ್ದಿವಿಭಾಗಕ್ಕೆ ಬಂದಿದ್ದ ಪತ್ರದಿಂದ ಒಬ್ಬರಿಗೆ ಆಂಥ್ರಾಕ್ಸ್ ರೋಗ ತಗುಲಿದುದು ಬಯಲಾಯಿತು. ಮರುದಿನದ ಕಂತಿಗೆ ಆತಿಥೇಯೆಯಾಗಿ ಬಂದಿದ್ದ ನಟಿ ಡ್ರೂ ಬ್ಯಾರಿಮೋರ್ ಬೆದರಿದ್ದು ಸಹಜ. ಆದರೂ ಕಾರ್ಯಕ್ರಮ ನಿಲ್ಲಲಿಲ್ಲ. ಆ ಭಯದ ಪ್ರಸ್ತಾಪವೂ ವೇದಿಕೆಯ ಮೇಲೆಯೇ ಬಂದಿತು.

ಇಂದು ಆ ಮುದ್ರಿಕೆಯನ್ನು ನೋಡುವವನ ಮನಸ್ಸು ಅಂದಿನಷ್ಟು ಸರಳವಾಗಿ ಉಳಿಯುವುದಿಲ್ಲ. ಅಂದು ನಗರವೇ ತಲೆಬಾಗಿದ ಮೇಯರರು ಮುಂದೆ ಬಹಳ ವಿವಾದಗಳಿಗೆ ಸಿಕ್ಕಿ, 2024ರಲ್ಲಿ ತಮ್ಮ ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಅದೇ ಪ್ರಹಸನಮಾಲೆ ಅವರನ್ನು ಹಲವು ಬಾರಿ ಅಣಕಿಸಿತು. ಅದರಲ್ಲಿ ಕೃತಘ್ನತೆ ಏನೂ ಇಲ್ಲ. ಅಪ್ಪಣೆ ಕೊಟ್ಟವರನ್ನೂ ಬಿಡದಿರುವುದು ವಿದೂಷಕನ ಧರ್ಮ. ಪಾಲ್ ಸೈಮನ್ ಮಾತ್ರ 2025ರ ಫೆಬ್ರವರಿಯಲ್ಲಿ, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ, ಈ ಕಾರ್ಯಕ್ರಮದ ಐವತ್ತನೆಯ ವರ್ಷದ ಉತ್ಸವಕ್ಕೂ ತಮ್ಮ ಹಾಡಿನಿಂದಲೇ ನಾಂದಿ ಹಾಡಿದರು.

ವ್ಯಕ್ತಿಗಳ ಮಾತು ಹಾಗಿರಲಿ. ಆ ಪ್ರಶ್ನೋತ್ತರ ಉಳಿದಿದೆ. ದುಃಖ ಮುಗಿದ ಮೇಲೆ ನಗು ಬರುತ್ತದೆಂದು ನಾವು ತಿಳಿದಿರುತ್ತೇವೆ. ಹಾಗೇನೂ ಇಲ್ಲ. ಆ ರಾತ್ರಿ ನಕ್ಕ ಅಗ್ನಿಶಾಮಕರಲ್ಲಿ ಎಷ್ಟೋ ಮಂದಿ ಮರುದಿನ ಬೆಳಗ್ಗೆ ಮತ್ತೆ ಆ ಹೊಗೆಯಾಡುವ ರಾಶಿಯ ಬಳಿಗೆ ಹೋಗಬೇಕಾಗಿತ್ತು. ತಮ್ಮವರನ್ನು ಹುಡುಕುವ ಕೆಲಸ ಇನ್ನೂ ಬಾಕಿಯಿತ್ತು. ಹದಿಮೂರನೆಯ ದಿನದ ಪಂಕ್ತಿಯಲ್ಲಿಯೂ ಅಷ್ಟೇ ಅಲ್ಲವೆ? ನಕ್ಕವರೆಲ್ಲ ಎದ್ದು ಕೈತೊಳೆದು ಬರುವಾಗ, ಗೋಡೆಯ ಮೇಲಿನ ಹೊಸ ಪಟಕ್ಕೆ ಹಾಕಿದ ಹೂವಿನ ಹಾರ ಇನ್ನೂ ಬಾಡಿರುವುದಿಲ್ಲ.